ಗುಲ್ಮಾರ್ಗಿನ ದಾರಿ ಅಘನಾಶಿನಿಯ ಮೇಲೆ

ಮೊದಲ ದಿನ: ಶಿರಸಿಯಿಂದ ಕುಮಟೆಗೆ

ನಮ್ಮನೆಯಿಂದ ತೋಟಕ್ಕೆ ಇಳಿಯುವಲ್ಲಿ ಒಂದು ಹಳ್ಳ, ಹಳ್ಳಕ್ಕೊಂದು ಸಂಕ. ಎರಡು ಅಡಿಕೆ ಮರ ಜೋಡಿಸಿ ಹಾಸಿದ್ದು. ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರಿನ ಗಳ ಕಟ್ಟಿದ್ದಾರೆ. ಎಪ್ಪತ್ತಾರರ ಅಪ್ಪಯ್ಯ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು, ಆ ಗಳ ಮುಟ್ಟದೆಯೇ ದಿನಕ್ಕೆ ನಾಲ್ಕು ಸಲ ದಾಟುತ್ತಾರೆ. ಬೆಂಗಳೂರಿನಿಂದ ರಜೆಗೆ ಬಂದ ನಾನು ಎರಡೂ ಕೈಯಲ್ಲಿ ಗಳ ಹಿಡಿದು ಹೋದರೂ ಸಂಕ ಗಡಗಡ ನಡುಗುತ್ತದೆ.

"ಸಂಕ ನಡಗ್ತಾ ಇಲ್ಲೆ ತಮಾ, ನಿನ್ನ ಕಾಲು ನಡಗ್ತಾ ಇದ್ದು" ಎಂದರು ಅಪ್ಪಯ್ಯ, ಕವಳ ಜಗಿಯುತ್ತ.

ಹಿಂದೆ ನಿಂತಿದ್ದ ಅಕ್ಕನ ಮಗಳು ಕಿಸಕ್ಕನೆ ನಕ್ಕಳು. ಹದಿನೇಳರ ಈ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಕೂಸು ಎಂದೇ ಕರೆಯುವುದು, ಇಲ್ಲಿಯೂ ಹಾಗೇ ಇರಲಿ. ಅವಳ ನಗುವಿಗೆ ಕಾರಣವಿತ್ತು. ಹೆಚ್ಚುಕಡಿಮೆ ಇದೇ ಮಾತನ್ನು ಕಳೆದ ಫೆಬ್ರವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗಿನಲ್ಲಿ, ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಕಲಿಸುವ ಮಾಸ್ತರರು ಹಿಂದಿಯಲ್ಲಿ ಹೇಳಿದ್ದರು. ಆಗ ನಾನು ಸೊಂಟದವರೆಗೆ ಹಿಮದಲ್ಲಿ ಹೂತು ಕೂತಿದ್ದೆ.

ಆ ಕಥೆ ಹೇಳದಿದ್ದರೆ ಈ ಐದು ದಿನದ ಕಡಲತೀರದ ತಿರುಗಾಟ ಯಾರಿಗೂ ಅರ್ಥವಾಗಲಿಕ್ಕಿಲ್ಲ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ನಾನೂ ಕೂಸೂ ಒಂದು ವಾರ ಅಲ್ಲಿದ್ದೆವು. ಮೊದಲ ನಾಲ್ಕು ದಿನ ತುಳಿದು ಗಟ್ಟಿಯಾದ ಹಿಮದ ಸೌಮ್ಯ ಇಳಿಜಾರಿನಲ್ಲಿ ಪಾಠ. ಸ್ಕೀಗಳ ಮುಂದಿನ ತುದಿ ಕೂಡಿಸಿ, ಹಿಂದಿನ ತುದಿ ಅಗಲಿಸಿ ವೇಗ ತಗ್ಗಿಸುವುದು. ಅದಕ್ಕೆ ಅಲ್ಲಿ ಎಲ್ಲರೂ ಪಿಜ್ಜಾ ಎನ್ನುತ್ತಾರೆ. ಎಡಕ್ಕೆ ತಿರುಗಬೇಕೆಂದರೆ ಬಲಗಾಲಿಗೆ ಭಾರ, ಬಲಕ್ಕೆ ತಿರುಗಬೇಕೆಂದರೆ ಎಡಗಾಲಿಗೆ. ನಾಲ್ಕನೆಯ ದಿನದ ಸಂಜೆ ನನಗೆ ಸ್ಕೀ ಬಂತು ಎಂದೇ ಅಂದುಕೊಂಡೆ. ಮನೆಗೆ ವಿಡಿಯೋ ಕೂಡ ಕಳಿಸಿದ್ದೆ.

ಆಮೇಲೆ ಎರಡು ರಾತ್ರಿ ಒಂದೇ ಸಮನೆ ಹಿಮ ಬಿತ್ತು. ಬೆಳಿಗ್ಗೆ ಬೆಟ್ಟವೆಲ್ಲ ಜರಡಿ ಹಿಡಿದ ಅಕ್ಕಿಹಿಟ್ಟು. ತಂತಿಯ ಮೇಲೆ ತೂಗಿ ಬೆಟ್ಟ ಹತ್ತುವ ಗೊಂಡೋಲಾದ ಮೊದಲ ಹಂತ ಕೊಂಗ್ದೂರಿಯಲ್ಲಿ ಇಳಿದ ಮೇಲೆ ಮಾಸ್ತರರು ನಮ್ಮನ್ನು ಯಾರೂ ತುಳಿಯದ ಬದಿಯ ಇಳಿಜಾರಿಗೆ ಕರೆದೊಯ್ದರು. ತೊಡೆಮಟ್ಟದ ಪುಡಿಹಿಮ. ಹೊರಟ ಹತ್ತೇ ಮಾರಿಗೆ ತಿರುಗಬೇಕೆಂದು ಕಲಿತ ಹಾಗೆ ಬಲಗಾಲಿಗೆ ಭಾರ ಹಾಕಿದೆ. ಆ ಸ್ಕೀ ಮುಳುಗಿತು, ಎಡದ್ದು ತೇಲುತ್ತ ಮುಂದೆ ಹೋಯಿತು, ನಾನು ಇವೆರಡರ ನಡುವೆ ಮುಖ ಅಡಿಯಾಗಿ. ಅವತ್ತು ಒಟ್ಟು ಹನ್ನೊಂದು ಸಲ ಬಿದ್ದೆ. ಲೆಕ್ಕ ಕೂಸಿನದು.

ಬೀಳುವುದು ಅಂಥ ಕಷ್ಟವಲ್ಲ, ಏಳುವುದು ಕಷ್ಟ. ಕೋಲು ಊರಿ ಎದ್ದೇಳೋಣ ಎಂದರೆ ಕೋಲು ಹಿಡಿಕೆಯವರೆಗೂ ಒಳಗೆ ಹೋಗುತ್ತದೆ, ಕೈಯೂ ಅದರ ಜೊತೆಗೆ. ಎರಡೂ ಕೋಲನ್ನು ಹಿಮದ ಮೇಲೆ ಅಡ್ಡಡ್ಡ ಕತ್ತರಿಯ ಹಾಗೆ ಇಟ್ಟು, ಅವು ಕೂಡುವಲ್ಲಿ ಅಂಗೈ ಊರಿ ಏಳಬೇಕು ಎಂದು ಮಾಸ್ತರರು ತೋರಿಸಿದರು. ಇನ್ನೊಂದು ಸಲ ಬಿದ್ದಾಗ ಒಂದು ಸ್ಕೀ ಕಳಚಿಕೊಂಡು ಕಾಣೆಯಾಯಿತು. ನಾನು ಕೆಳಗಡೆ ಕೆದಕುತ್ತ ಹತ್ತು ನಿಮಿಷ ಕಳೆದೆ. ಅವರು ಬಂದು ನನಗಿಂತ ನಾಲ್ಕು ಅಡಿ ಮೇಲೆ ಕೋಲಿನಿಂದ ಅಡ್ಡಡ್ಡ ಗೀರಿ ಎತ್ತಿಕೊಟ್ಟರು. ಸ್ಕೀ ಕಳಚಿದಲ್ಲೇ ಹೂತುಕೊಳ್ಳುತ್ತದೆ, ಮುಂದಕ್ಕೆ ಹಾರುವುದು ಮನುಷ್ಯ. ಹಾಗಾಗಿ ಹುಡುಕುವುದು ಯಾವಾಗಲೂ ಮೇಲಿನಿಂದ.

ಹೀಗೇಕೆ ಆಗುತ್ತದೆ ಎನ್ನುವುದು ಆ ರಾತ್ರಿ ಕೋಣೆಯಲ್ಲಿ ಕೆಂಡದ ಬುಟ್ಟಿ ಕಾಂಗ್ಡಿಯನ್ನು ಅಪ್ಪಿಕೊಂಡು ಲೆಕ್ಕ ಹಾಕಿದಾಗ ಸ್ವಲ್ಪ ತಿಳಿಯಿತು. ಹೊಸದಾಗಿ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ ಸಾಮಾನ್ಯವಾಗಿ 50ರಿಂದ 100 ಕಿಲೋ ತೂಗುತ್ತದೆ. ನೀರಾದರೆ 1,000 ಕಿಲೋ. ಅಂದರೆ ಪುಡಿಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಗಾಳಿ. ಅದರ ಮೇಲೆ ನಿಲ್ಲುವುದೆಂದರೆ ನೊರೆಯ ಮೇಲೆ ನಿಂತ ಹಾಗೆ. ಎರಡು ಸ್ಕೀಗಳ ಅಡಿಭಾಗ ಬರಿಗಾಲಿಗಿಂತ ಆರೇಳು ಪಟ್ಟು ದೊಡ್ಡದು, ಆದ್ದರಿಂದ ತೇಲಿಸುತ್ತದೆ. ಆದರೆ ಭಾರ ಎರಡಕ್ಕೂ ಹಂಚಿದ್ದರೆ ಮಾತ್ರ. ಒಂದೇ ಕಾಲಿಗೆ ಹಾಕಿದಿರೋ, ಆ ಸ್ಕೀ ಮೇಲಿನ ಒತ್ತಡ ಇಮ್ಮಡಿ, ಸೀದಾ ಪಾತಾಳ. ಗಟ್ಟಿ ಹಿಮದಲ್ಲಿ ಯಾವುದು ಸರಿಯೋ ಪುಡಿಯಲ್ಲಿ ಅದೇ ತಪ್ಪು.

ಮಾಸ್ತರರ ಪಾಠ ಇಷ್ಟೇ ಇತ್ತು: ಎರಡೂ ಕಾಲು ಹತ್ತಿರ, ಎರಡಕ್ಕೂ ಸಮಭಾರ, ಒಂದೇ ಹಲಗೆಯ ಮೇಲೆ ನಿಂತ ಹಾಗೆ. ಮೊಳಕಾಲಿನ ಕೆಳಗಿನ ಮೂಳೆ ಬೂಟಿನ ಮುಂಭಾಗಕ್ಕೆ ತಾಗಿರಬೇಕು. ನಿಧಾನಕ್ಕೆ ಕುಗ್ಗು, ಏಳು, ಕುಗ್ಗು, ಏಳು. ಎದ್ದಾಗ ಸ್ಕೀ ಹಗುರಾಗುತ್ತದೆ, ತಿರುಗಿಸುವುದು ಆಗಲೇ. "ಪೀಛೆ ಮತ್ ಬೈಠಿಯೇ ಸಾಬ್", ಹಿಂದಕ್ಕೆ ಕೂರಬೇಡಿ ಎಂದು ಅವರು ಎಷ್ಟು ಸಲ ಹೇಳಿದರೋ. ಆಳದ ಹಿಮದಲ್ಲಿ ಮೂತಿ ಮುಳುಗದ ಹಾಗೆ ಹಿಂದಕ್ಕೆ ವಾಲಬೇಕು ಎಂದು ಯಾರೋ ನನ್ನ ತಲೆಯಲ್ಲಿ ತುಂಬಿದ್ದರು. ಹಾಗೆ ವಾಲಿದರೆ ಎರಡು ನಿಮಿಷಕ್ಕೆ ತೊಡೆ ಉರಿಯುತ್ತದೆ, ಸ್ಕೀ ಹೇಳಿದ ಮಾತು ಕೇಳುವುದಿಲ್ಲ. ತಲೆಗೆ ಇದೆಲ್ಲ ಅರ್ಥವಾಯಿತು. ಸೊಂಟ ಒಪ್ಪಲಿಲ್ಲ.

ಬರುವ ಫೆಬ್ರವರಿಗೆ ಮತ್ತೆ ಹೋಗುವುದೆಂದು ಟಿಕೆಟ್ ಮಾಡಿಯಾಗಿತ್ತು. ಉತ್ತರ ಕನ್ನಡದಲ್ಲಿ ಹಿಮ ಎಲ್ಲಿಂದ ತರುವುದು? ಕೂಸು ಒಂದು ಉಪಾಯ ಹೇಳಿದಳು: ಕಾಲಿನ ಅಡಿಯ ನೆಲ ಅಲ್ಲಾಡುವ ಜಾಗಗಳಿಗೆ ಹೋಗಿ ಸುಮ್ಮನೆ ನಿಲ್ಲುವುದು. ಕ್ರಿಸ್ಮಸ್ ರಜೆ, ಐದು ದಿನ, ಕುಮಟೆಯಿಂದ ಕಾರವಾರದವರೆಗೆ. ಹೊರಡುವಾಗ ತೋಟದಲ್ಲಿ ಅಡಿಕೆಯ ಕೊನೆಕೊಯ್ಲು ನಡೆದಿತ್ತು. ಅಡಿಕೆ ಗೊನೆ ಇಳಿಸುವ ಕೊನೆಗೌಡ ಒಂದು ಮರದ ತುದಿಯಿಂದ ತೂಗಿ ತೂಗಿ ಪಕ್ಕದ ಮರ ಹಿಡಿದು ದಾಟಿದ. ಚಿಕ್ಕಂದಿನಿಂದ ನೋಡಿದ್ದೇ, ಆದರೂ ಅವತ್ತು ಕತ್ತು ನೋಯುವವರೆಗೆ ನೋಡಿದೆ. ಕೂಸು ಉದುರಿದ ಅಡಿಕೆ ಹಾಳೆಗಳಲ್ಲಿ ಅಗಲವಾದ ಎರಡನ್ನು ಆರಿಸಿ ಡಿಕ್ಕಿಗೆ ಹಾಕಿದಳು. ಯಾಕೆಂದು ಕೇಳಲಿಲ್ಲ.

ದೇವಿಮನೆ ಘಟ್ಟ ಇಳಿಯುವಾಗ ಅವಳು ಹಿಂದಿನ ಸೀಟಿನಿಂದ ಪರೀಕ್ಷೆ ಶುರುಮಾಡಿದಳು. "ಮಾವ, ಈಗ ಯಾವ ಕಾಲಿಗೆ ಭಾರ ಬಂತು?" ಎಡ ತಿರುವಿನಲ್ಲಿ ಬಲಗಾಲಿಗೆ, ಬಲ ತಿರುವಿನಲ್ಲಿ ಎಡಗಾಲಿಗೆ. ಮೈಗೆ ತಾನೇ ತಾನಾಗಿ ಗೊತ್ತಿರುವುದು ಇದು. ಪುಡಿಹಿಮದಲ್ಲಿ ಮರೆಯಬೇಕಾದ್ದೂ ಇದೇ.

ಎರಡನೆಯ ದಿನ: ಅಘನಾಶಿನಿ ಅಳಿವೆ

ಕುಮಟೆಯಲ್ಲಿ ಭಾವನ ಮನೆ. ಭಾವ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಅಳಿವೆಯ ವಿಷಯ ಬಂದರೆ ನಿಲ್ಲಿಸುವುದಿಲ್ಲ. ಬೆಳಿಗ್ಗೆ ಆರೂವರೆಗೆ ನಮ್ಮನ್ನು ನದಿದಂಡೆಗೆ ಕರೆದೊಯ್ಯುತ್ತ, ಶಿರಸಿ ಕಡೆ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಬರುವ ಈ ಹೊಳೆಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲವೆಂದೂ, 2024ರ ಜನವರಿಯಲ್ಲಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತೆಂದೂ ಹೇಳಿದ. ಕರ್ನಾಟಕದಿಂದ ಆ ಸಲ ಇನ್ನೆರಡು ಸೇರಿದ್ದು ಗದಗಿನ ಮಾಗಡಿ ಕೆರೆ, ವಿಜಯನಗರದ ಅಂಕಸಮುದ್ರ. ನನಗೆ ಚಳಿ, ಕಿವಿ ಅರ್ಧ ಮಾತ್ರ ಅತ್ತ.

ನೀರು ಇಳಿಯುತ್ತಿತ್ತು. ನಡುನೀರಿನಲ್ಲಿ ಎದೆಮಟ್ಟ ನಿಂತು ಹೆಂಗಸರು ಗಂಡಸರು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದರು. ನೋಡಿದರೆ ಸುಮ್ಮನೆ ನಿಂತಂತೆಯೇ ಕಾಣುತ್ತದೆ. ಆದರೆ ನೀರೊಳಗೆ ಅವರ ಪಾದ ಕೆಸರಿನಲ್ಲಿ ಚಿಪ್ಪು ತಡಕುತ್ತಿರುತ್ತದೆ. ಸಿಕ್ಕಿತೆಂದರೆ ಮುಳುಗಿ ಕೈಹಾಕುವುದು. ಹತ್ತಿರ ತೇಲಿಬಿಟ್ಟ ದೋಣಿಗೆ ಹಿಡಿ ಹಿಡಿಯಾಗಿ ಹಾಕುವುದು. ಬಳಚು ತಿನ್ನದ ಜಾತಿಯಲ್ಲಿ ಹುಟ್ಟಿದ ನನಗೆ ಇಷ್ಟು ವರ್ಷ ಆ ಕಾಲುಗಳ ಕೆಲಸ ಗೊತ್ತೇ ಇರಲಿಲ್ಲ.

ಭಾವನ ಪರಿಚಯದ ಅಂಬಿಗರು ಅರವತ್ತು ದಾಟಿದವರು. ಅವರದೊಂದು ಸಣ್ಣ ಪಾತಿ ದೋಣಿ. ವಿಷಯ ಕೇಳಿ ಅವರಿಗೆ ನಗು ತಡೆಯಲಿಲ್ಲ. ದುಡ್ಡು ಕೊಟ್ಟು ದೋಣಿಯಲ್ಲಿ ಕೂರುವವರನ್ನು ನೋಡಿದ್ದರು, ನಿಲ್ಲುವುದಕ್ಕೆ ದುಡ್ಡು ಕೊಡುವವರನ್ನು ನೋಡಿರಲಿಲ್ಲ. "ಹೆಗಡೇರೆ, ಕೂತ್ರೆ ದೋಣಿ, ನಿತ್ರೆ ನೀರು. ಬಟ್ಟೆ ಬೇರೆ ತಂದೀರಾ?"

ಸೊಂಟಮಟ್ಟದ ನೀರಿರುವಲ್ಲಿ ನಿಲ್ಲಿಸಿದರು. ಲೈಫ್ ಜಾಕೆಟ್ ಹಾಕಿಕೊಂಡು ಎದ್ದೆ. ಎರಡು ಸೆಕೆಂಡು. ದೋಣಿ ಬಲಕ್ಕೆ ವಾಲಿತು, ನಾನು ಗಾಬರಿಯಲ್ಲಿ ಎಡಗಾಲು ಒತ್ತಿದೆ, ಅದು ಎಡಕ್ಕೆ ಇನ್ನಷ್ಟು ಜೋರಾಗಿ ವಾಲಿತು. ನೀರಿಗೆ ಬಿದ್ದು ಬಾಯಿಗೆ ಉಪ್ಪು ಹತ್ತಿದಾಗ ಕೊಂಗ್ದೂರಿ ನೆನಪಾಯಿತು. ನೆಲದ ಮೇಲೆ ಒಂದು ಕಾಲು ಒತ್ತಿದರೆ ನೆಲ ತಿರುಗಿ ಒತ್ತುತ್ತದೆ. ಇಲ್ಲಿ ಒತ್ತಿದ ಬದಿ ಕುಸಿಯುತ್ತದೆ. ಹಿಮದಲ್ಲಿ ಆದದ್ದೂ ಚಾಚೂ ತಪ್ಪದೆ ಇದೇ.

ಮೂರು ಸಲ ಬಿದ್ದ ಮೇಲೆ ಅಂಬಿಗರು ನನ್ನನ್ನು ಕೂರಿಸಿ, ತಾವು ಎದ್ದು ಗಳ ಹಿಡಿದು ದೋಣಿ ನಡೆಸಿದರು. ನಾನು ಅವರ ಕಾಲನ್ನೇ ನೋಡಿದೆ. ಪಾದಗಳ ನಡುವೆ ಒಂದು ಗೇಣೂ ಇಲ್ಲ, ಒಂದು ಪಾದ ಇನ್ನೊಂದಕ್ಕಿಂತ ನಾಲ್ಕು ಬೆರಳು ಮುಂದೆ. ಹೆಬ್ಬೆರಳು ಉಳಿದ ಬೆರಳಿನಿಂದ ಅಗಲಿ ಹಲಗೆಯನ್ನು ಕಚ್ಚಿದೆ. ಮೊಳಕಾಲು ಪೂರ್ತಿ ನೆಟ್ಟಗೂ ಇಲ್ಲ, ಮಡಿಸಿಯೂ ಇಲ್ಲ. ದೋಣಿ ಹೊಯ್ದಾಡಿದಾಗ ಮೊಳಕಾಲು ಮತ್ತು ಪಾದದ ಹರಡು ಅಲುಗುತ್ತವೆ, ಸೊಂಟದಿಂದ ಮೇಲೆ ಏನೂ ಅಲ್ಲಾಡುವುದಿಲ್ಲ. ಗಳ ಊರುವಾಗ ಮೈ ಒಂದಿಷ್ಟು ಇಳಿಯುತ್ತದೆ, ದೂಡಿದ ಮೇಲೆ ಏಳುತ್ತದೆ. ಊರು, ಇಳಿ, ಏಳು. ಪುಡಿಹಿಮದಲ್ಲಿ ಕೋಲು ತಾಗಿಸಿ ಲಯ ಹಿಡಿಯುವುದೆಂದು ಮಾಸ್ತರರು ಹೇಳಿದ್ದು ನನಗೆ ಆವರೆಗೆ ಅಲಂಕಾರದ ಮಾತಾಗಿತ್ತು.

ಕೂಸು ಎದ್ದಳು, ಮೂರನೆಯ ಸಲಕ್ಕೆ ಗಳ ಹಿಡಿದು ದೋಣಿಯನ್ನು ಒಂದು ಸುತ್ತು ತಿರುಗಿಸಿಯೂ ಬಿಟ್ಟಳು. ವಯಸ್ಸಿನ ಮಹಿಮೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಅವಳು ಹೇಳಿದ ಕಾರಣವೇ ಬೇರೆ: "ನೀನು ಎದ್ದ ಕೂಡಲೆ ಉಸಿರು ಕಟ್ತೀಯ ಮಾವ. ಬಿಡೋದು ನೀರಿಗೆ ಬಿದ್ದ ಮೇಲೆಯೇ."

ಅಂಬಿಗರಿಗೆ ಇದು ಕೇಳಿಸಿತು. "ಹಂಗಾರೆ ಮಾತಾಡ್ತಾ ನಿಲ್ಲಿ" ಎಂದರು. ಏನು ಮಾತಾಡುವುದು? ಬಳಚಿಗೆ ಈಗ ರೇಟೆಷ್ಟು ಎಂದು ಕೇಳುತ್ತ ಎದ್ದೆ. ಅವರು ರೇಟು ಹೇಳಿದರು, ಮೊದಲಿನಷ್ಟು ಸಿಗುವುದಿಲ್ಲ ಎಂದರು, ಮಗ ಬೋಟಿಗೆ ಹೋಗುತ್ತಾನೆ, ಅವನಿಗೆ ಗಳ ಹಿಡಿಯಲು ನಾಚಿಕೆ ಎಂದರು. ನಾನು ಹೂಂ ಹೂಂ ಎನ್ನುತ್ತ ಮಗನ ಓದಿನ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದೆ. ಆಗ ಕೂಸು ದಂಡೆಯಿಂದ ಬೊಬ್ಬೆ ಹೊಡೆದಳು: ನಾಲ್ಕು ನಿಮಿಷ! ಅಷ್ಟು ಹೊತ್ತು ನಿಂತೇ ಇದ್ದೆ, ಗೊತ್ತೇ ಆಗಿರಲಿಲ್ಲ.

ಗೊತ್ತಾದದ್ದೇ ತಡ, ತದಡಿ ಕಡೆಯಿಂದ ಒಂದು ಯಂತ್ರದ ದೋಣಿ ಹಾದುಹೋಯಿತು. ಅದರ ಅಲೆಗಳು ಸಾಲಾಗಿ ಅಡ್ಡ ಬಂದವು. ಮೊದಲನೆಯದಕ್ಕೆ ಮೊಳಕಾಲು ತಾನಾಗಿಯೇ ಕುಗ್ಗಿತು. ಎರಡನೆಯದಕ್ಕೂ ಕುಗ್ಗಿ ಎದ್ದೆ, ಎರಡೂ ಕಾಲಿಗೆ ಸಮನಾಗಿ. ಅಂಗಾಲಿನ ಅಡಿಗೆ ಏನೋ ಉಬ್ಬಿ ಇಳಿದದ್ದು ಮಾತ್ರ ಗೊತ್ತು, ನಾನು ಅದರ ಮೇಲೆ ಹಗುರಾಗಿ ಇದ್ದೆ. ಮೂರನೆಯದಕ್ಕೆ ಖುಷಿಯಲ್ಲಿ ಭಾವನ ಕಡೆ ತಿರುಗಿ ನೋಡಿದೆ, ನೀರಿಗೆ ಬಿದ್ದೆ. ಇರಲಿ. ಆ ಎರಡು ಅಲೆಗೇ ಪ್ರಯಾಣದ ಖರ್ಚು ಹುಟ್ಟಿತು.

ಮಧ್ಯಾಹ್ನ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟೆಯ ಮೇಲೆ ನಡೆದೆವು. ಕಗ್ಗ ಭತ್ತದ ಕೊಯ್ಲು ಯಾವಾಗಲೋ ಮುಗಿದು, ಸಿಗಡಿಗೆಂದು ಉಪ್ಪುನೀರು ಬಿಟ್ಟಿದ್ದರು. ಬದಿಯ ಅರಲಿನಲ್ಲಿ ಒಂದು ಕಾಲು ಹೂತಿತು. ಅದನ್ನು ಕೀಳಲು ಇನ್ನೊಂದಕ್ಕೆ ಭಾರ ಹಾಕಿದರೆ ಅದೂ ಒಳಗೆ. ಚಪ್ಪಲಿ ಒಂದು ಇಂದಿಗೂ ಅಲ್ಲಿಯೇ ಇದೆ.

ರಾತ್ರಿ ಅಪ್ಪೆಹುಳಿ ಉಂಡು ಮಲಗುವಾಗ ತೊಡೆಯ ಮುಂಭಾಗ ಸಿಡಿಯುತ್ತಿತ್ತು. ಕೂಸು ವೈದ್ಯರ ಗತ್ತಿನಲ್ಲಿ ಹೇಳಿದಳು, ತೊಡೆ ನೋವೆಂದರೆ ಬೆಳಿಗ್ಗೆಯಿಂದ ಹಿಂದಕ್ಕೆ ಕೂತೇ ನಿಂತಿದ್ದೀಯ ಎಂದು ಲೆಕ್ಕ. ನಡುವೆ ನಿಂತವರಿಗೆ ನೋವು ಪಾದಕ್ಕೆ ಬರಬೇಕಂತೆ. ಅವಳ ಪಾದ ನೋಯುತ್ತಿತ್ತಂತೆ, ಅದನ್ನೂ ಹೆಮ್ಮೆಯಿಂದಲೇ ಹೇಳಿದಳು.

ಮೂರನೆಯ ದಿನ: ಗೋಕರ್ಣ

ಸರ್ಫಿಂಗ್ ಮಾಡಿದರೆ ಸ್ಕೀ ಸುಲಭವಾಗುತ್ತದೆ ಎಂದು ಅನೇಕರು ಹೇಳುತ್ತಾರೆ. ನನಗೆ ಅದು ಅರ್ಧ ನಿಜ ಅನಿಸಿತು. ಕುಡ್ಲೆ ಕಡಲತೀರದಲ್ಲಿ ಎರಡು ಗಂಟೆಯ ಪಾಠ. ಹೊಸಬರಿಗೆ ಕೊಡುವ ಹಲಗೆ ಮೆತ್ತನೆಯದು, ನನ್ನೆತ್ತರಕ್ಕಿಂತ ಉದ್ದ. ಮೊದಲು ಮರಳಿನ ಮೇಲೆ ಬೋರಲು ಮಲಗಿ, ಎದೆ ಎತ್ತಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲುವುದು. ಆಮೇಲೆ ಒಡೆದ ಅಲೆಯ ಬಿಳಿನೊರೆಯಲ್ಲಿ ಅದನ್ನೇ ಮಾಡುವುದು. ಡಿಸೆಂಬರಿನ ಕಡಲು ಸಾಧು, ಕಲಿಯುವವರಿಗೆ ಹೇಳಿ ಮಾಡಿಸಿದ್ದು.

ತೊಂದರೆ ಏನೆಂದರೆ ಇಲ್ಲಿ ನಿಲ್ಲುವುದು ಅಡ್ಡಲಾಗಿ. ಒಂದು ಕಾಲು ಮುಂದೆ, ಒಂದು ಹಿಂದೆ, ಮುಖ ಮಾತ್ರ ಹೋಗುವ ದಿಕ್ಕಿಗೆ. ಇದು ಸ್ನೋಬೋರ್ಡಿನ ಅಣ್ಣ, ಸ್ಕೀಗೆ ದೂರದ ಸಂಬಂಧಿ. ಸ್ಕೀಯಲ್ಲಿ ಎರಡೂ ಪಾದ, ಮೊಳಕಾಲು, ಎದೆ ಎಲ್ಲ ಮುಂದಕ್ಕೇ. ಬಲಗಾಲು ಮುಂದಿಟ್ಟು ನಿಲ್ಲುವ ಅಭ್ಯಾಸ ಹಚ್ಚಿಕೊಂಡು ಗುಲ್ಮಾರ್ಗಿಗೆ ಹೋದರೆ ಅಪಾಯವೇ ಹೆಚ್ಚು ಎಂದು ನಾನು ವಾದಿಸಿದೆ. ಹತ್ತನೆಯ ಪ್ರಯತ್ನಕ್ಕೂ ಎದ್ದು ನಿಲ್ಲಲಾಗದೆ ಇದ್ದುದರಿಂದ ಈ ವಾದ ಹುಟ್ಟಿತು ಎಂದು ಕೂಸಿನ ಅಭಿಪ್ರಾಯ.

ಒಂದು ಲಾಭ ಮಾತ್ರ ಆಯಿತು. ಹಲಗೆ ನೋಡಿಕೊಂಡು ನಿಂತರೆ ಹಲಗೆಯ ಮೇಲೆಯೇ ಬೀಳುತ್ತೇವೆ. ದಂಡೆಯ ತೆಂಗಿನ ಮರ ನೋಡಿಕೊಂಡು ಎದ್ದ ಎರಡು ಸಲ ನಾನು ದಡದವರೆಗೂ ಬಂದೆ. ಪುಡಿಹಿಮದಲ್ಲಿ ಸ್ಕೀಗಳೇ ಕಾಣದ ಹಾಗೆ ಹೂತಿರುತ್ತವೆ, ಆದರೂ ನಾನು ಅವನ್ನು ಹುಡುಕುತ್ತ ತಲೆ ಬಗ್ಗಿಸಿಯೇ ಇಳಿದಿದ್ದೆ. ತಲೆ ಬಗ್ಗಿದರೆ ಸೊಂಟ ಹಿಂದೆ ಹೋಗುತ್ತದೆ, ಸೊಂಟ ಹಿಂದೆ ಹೋದರೆ ತೊಡೆ.

ಗೋಕರ್ಣದ ಕಡಲಿನಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿ ವರ್ಷವರ್ಷವೂ ಪತ್ರಿಕೆಯಲ್ಲಿ ಬರುತ್ತದೆ. ಕಲಿಸುವವನು ಸಹ ಮೊದಲು ತೋರಿಸಿದ್ದು ಎಲ್ಲಿ ನೀರು ಹಿಂದಕ್ಕೆ ಸೆಳೆಯುತ್ತದೆ ಎಂಬುದನ್ನು. ಅಲೆ ಒಡೆಯದೆ, ಸುತ್ತಲಿಗಿಂತ ಶಾಂತವಾಗಿ ಕಾಣುವ ಪಟ್ಟಿ ಅದು. ಅಲ್ಲಿಯೇ ಜನ ಆಡಲು ಇಳಿಯುವುದು. ಕಾಶ್ಮೀರದಲ್ಲೂ ಹಾಗೇ, ಕಣ್ಣಿಗೆ ಅತಿ ಚೆಂದದ ಇಳಿಜಾರೇ ಕುಸಿಯುವುದು. 2023ರ ಫೆಬ್ರವರಿ 1ರಂದು ಗುಲ್ಮಾರ್ಗಿನ ಮೇಲಿನ ಅಫರ್ವಾತ್ ಶಿಖರದಲ್ಲಿ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಸ್ಕೀಗಾರರು ತೀರಿಕೊಂಡರು, ಅವರೇನೂ ನನ್ನಂಥ ಹೊಸಬರಲ್ಲ. ಆ ಮೇಲಿನ ಹಂತಕ್ಕೆ ಹೋಗುವವರು ಹೂತವರನ್ನು ಪತ್ತೆಹಚ್ಚುವ ಸಂಕೇತಯಂತ್ರ, ಉದ್ದನೆಯ ಚುಚ್ಚುಕಡ್ಡಿ, ಸಲಿಕೆ ಮೂರನ್ನೂ ಒಯ್ಯುತ್ತಾರೆ, ಬಳಸಲು ಬರುವ ಜೊತೆಗಾರರನ್ನೂ. ನಮ್ಮದು ಕೊಂಗ್ದೂರಿಯ ಬದಿಯ ಸಪಾಟು ಇಳಿಜಾರೇ ಸಾಕು ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೇನೆ. ಕೂಸು ಕೊಟ್ಟಿಲ್ಲ.

ನಾಲ್ಕನೆಯ ದಿನ: ಅಂಕೋಲೆ ದಾಟಿ ಕಾರವಾರ

ಎಡ ಮೊಳಕಾಲು ಬಾತುಕೊಂಡಿತ್ತು. ಅಂಕೋಲೆಯಲ್ಲಿ ಬನ್ಸು, ಚಹಾ. ಕಾರವಾರದ ಟಾಗೋರ್ ಕಡಲತೀರದಲ್ಲಿ ಕಾಲು ಚಾಚಿ ಕೂತೆ. ಯುದ್ಧನೌಕೆಯ ವಸ್ತುಸಂಗ್ರಹಾಲಯವನ್ನು ಕೂಸು ಒಬ್ಬಳೇ ನೋಡಿ ಬಂದಳು.

ಕೂತಲ್ಲಿಯೇ ಬಾಡಿಗೆ ಸ್ಕೀಗಳ ವಿವರ ಓದಿದೆ. ಕಳೆದ ಸಲ ನಾನು ಹಾಕಿದ್ದು ಗಟ್ಟಿ ಹಿಮದ ಸ್ಕೀ. ಅವು ಪಾದದ ಅಡಿಯಲ್ಲಿ 70ರಿಂದ 85 ಮಿಲಿಮೀಟರ್ ಅಗಲ ಇರುತ್ತವೆ. ಪುಡಿಹಿಮದ್ದು 100, 110, ಅದಕ್ಕೂ ಮೇಲೆ. ಅಗಲ ಮಾತ್ರವಲ್ಲ, ಮೂತಿ ಬಹಳ ಮೊದಲೇ ಮೇಲಕ್ಕೆ ಬಾಗಿರುತ್ತದೆ, ಥೇಟ್ ಅಂಬಿಗರ ದೋಣಿಯ ಮುಂಭಾಗ. ಹಾಗಿದ್ದಾಗ ಮೂತಿ ಮುಳುಗೀತೆಂದು ಹಿಂದೆ ವಾಲುವ ಅಗತ್ಯವೇ ಇಲ್ಲ, ಎತ್ತಿ ಹಿಡಿಯುವ ಕೆಲಸ ಅದರ ಆಕಾರವೇ ಮಾಡುತ್ತದೆ. ಹನ್ನೊಂದು ಸಲ ಬಿದ್ದದ್ದರಲ್ಲಿ ನಾಲ್ಕನ್ನಾದರೂ ಸ್ಕೀ ಮೇಲೆ ಹಾಕಬಹುದೆಂದು ಖುಷಿಯಾಯಿತು. ಬಾಡಿಗೆ ಅಂಗಡಿಯವನು ಕೇಳದೆ ಕೊಟ್ಟ, ನಾನು ತಿಳಿಯದೆ ಹಾಕಿಕೊಂಡೆ.

ಐದನೆಯ ದಿನ: ತಿಳಮಾತಿ

ಕಾರವಾರದಿಂದ ಉತ್ತರಕ್ಕೆ, ಕಾಳಿ ನದಿ ದಾಟಿ ಮಾಜಾಳಿ. 2024ರ ಆಗಸ್ಟಿನಲ್ಲಿ ಕುಸಿದ ಹಳೆಯ ಸೇತುವೆಯ ಜಾಗ ಕಂಡಾಗ ಕಾರಿನಲ್ಲಿ ಮಾತು ನಿಂತಿತು. ಮಾಜಾಳಿಯ ಕಡಲತೀರದಿಂದ ಒಂದು ಗುಡ್ಡ ಹತ್ತಿ ಇಳಿದರೆ ತಿಳಮಾತಿ. ಮರಳು ಎಳ್ಳು ಚೆಲ್ಲಿದ ಹಾಗೆ ಕಪ್ಪು, ತಿಳವೆಂದರೆ ಎಳ್ಳು, ಅದಕ್ಕೇ ಆ ಹೆಸರು. ಅಂಗೈಯಲ್ಲಿ ಹಿಡಿದರೆ ಕಾಳು ಕಾಳಾಗಿ ಜಾರುತ್ತದೆ.

ಇಲ್ಲಿ ಕೂಸು ಡಿಕ್ಕಿಯ ಹಾಳೆಗಳನ್ನು ತೆಗೆದಳು. ಘಟ್ಟದ ಮೇಲಿನ ಮಕ್ಕಳೆಲ್ಲ ಹಾಳೆಯ ಮೇಲೆ ಕೂತು ಎಳೆಸಿಕೊಂಡೇ ದೊಡ್ಡವರಾದವರು. ಇವಳ ಯೋಜನೆ ಎರಡು ಹಾಳೆ ಎರಡು ಕಾಲಿಗೆ ಕಟ್ಟಿಕೊಂಡು ಮರಳಿನ ಏರಿನಿಂದ ಇಳಿಯುವುದು. ಬಾಳೆಪಟ್ಟೆಯಲ್ಲಿ ಬಿಗಿದಳು. ನಾನು ಮೇಲೆ ನಿಂತು, ತಲೆ ಎತ್ತಿ, ಉಸಿರು ಬಿಡುತ್ತ, ಮೊಳಕಾಲು ಸಡಿಲಿಸಿ, ಕ್ಷಿತಿಜ ನೋಡುತ್ತ, ಎಲ್ಲ ಪಾಠವನ್ನೂ ಒಟ್ಟಿಗೆ ನೆನೆಸಿಕೊಂಡು ಹೊರಟೆ. ಎರಡು ಅಡಿ ಜಾರಿದ್ದಿರಬಹುದು. ಹಾಳೆ ಪರ್ರನೆ ಹರಿಯಿತು. ಒಣಮರಳು ಘನ ಮೀಟರಿಗೆ ಸುಮಾರು 1,600 ಕಿಲೋ, ಪುಡಿಹಿಮಕ್ಕಿಂತ ಹದಿನಾರು ಪಟ್ಟಿಗೂ ಹೆಚ್ಚು ಭಾರ. ಕಾಳು ಕಾಳಿಗೆ ಉಜ್ಜುವುದೂ ಹೆಚ್ಚು. ಮರಳಿನ ಮೇಲೆ ಹಿಮದ ಜಾರು ಹುಡುಕುವುದು ದಡ್ಡತನ. ಇದು ಬರೆದಿಡಬೇಕಾದ ಮಾತು, ಮುಂದೆ ಯಾರೂ ಹಾಳೆ ಹಾಳು ಮಾಡದಿರಲಿ.

ಆದರೆ ಹಾಳೆ ಬಿಚ್ಚಿದ ಮೇಲೆ ನಡೆದದ್ದು ಕೆಲಸಕ್ಕೆ ಬಂತು. ಎರಡೂ ಪಾದ ಕೂಡಿಸಿ ಕುಗ್ಗಿ ಎದ್ದು, ಎದ್ದಾಗ ಕಾಲನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಇಳಿಸುವುದು, ಮುಂದಿನ ಸಲ ಬಲಕ್ಕೆ. ಕಪ್ಪೆಯ ಹಾಗೆ ಕುಪ್ಪಳಿಸುತ್ತ ಏರಿನ ಮೇಲಿನಿಂದ ನೀರಿನವರೆಗೆ. ಎದೆ ಮಾತ್ರ ಇಳಿಜಾರಿನ ನೇರಕ್ಕೆ, ಮೇಲಿಂದ ನೀರು ಸುರಿದರೆ ಹರಿದುಹೋಗುವ ದಿಕ್ಕಿಗೆ. ತಿರುಗುವುದು ಸೊಂಟದ ಕೆಳಗಿನದು ಅಷ್ಟೇ. ಕೂಸು ಇಳಿದ ಜಾಡು ಹತ್ತಿಯ ಬತ್ತಿ ಹೊಸೆದ ಹಾಗೆ ಸಮನಾಗಿತ್ತು. ನನ್ನದರಲ್ಲಿ ಎಡಪಾದದ ಗುರುತೆಲ್ಲ ಆಳ, ಬಲದ್ದು ತೆಳು. ಎಲ್ಲಿ ತಪ್ಪು ಎಂದು ಯಾರೂ ಹೇಳಬೇಕಾಗಲಿಲ್ಲ, ಕಪ್ಪು ಮರಳಿನಲ್ಲಿ ಬರೆದೇ ಇತ್ತು. ಅಂದರೆ ಗಾಬರಿಯಾದಾಗ ನಾನು ನಂಬುವುದು ಎಡಗಾಲನ್ನು. ಬಾತದ್ದೂ ಅದೇ ಮೊಳಕಾಲು. ಸಂಕ ದಾಟುವಾಗಲೂ ಮೊದಲು ಇಡುವುದು ಅದನ್ನೇ.

ಆರು ಸಲ ಹತ್ತಿ ಇಳಿದೆ. ಆರನೆಯ ಜಾಡಿನಲ್ಲಿ ಮೇಲಿನ ನಾಲ್ಕು ಗುರುತು ಎರಡೂ ಸಮ. ಕೂಸು ಅದರ ಫೋಟೋ ತೆಗೆದಳು. ನಾನು ನಿಂತಿದ್ದು ಬಿಟ್ಟು ಬರೀ ಗುರುತಿನ ಫೋಟೋ.

ಗುಡ್ಡದ ನೆತ್ತಿಯಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತು. ಅಗಲದ ಸ್ಕೀ ಈಗಲೇ ತೆಗೆದಿಡಿ ಎಂದು ಹೇಳಲು ಗುಲ್ಮಾರ್ಗಿನ ಮಾಸ್ತರರಿಗೆ ಕರೆ ಮಾಡಿದೆ. ದೋಣಿಯಲ್ಲಿ ನಿಂತದ್ದನ್ನೂ ಹೇಳಿದೆ, ಅವರು ಬಹಳ ಹೊತ್ತು ನಕ್ಕರು. ಅವರ ಮನೆಯ ಹಿರಿಯರು ದಾಲ್ ಸರೋವರದಲ್ಲಿ ಶಿಕಾರ ದೋಣಿ ನಡೆಸುತ್ತಿದ್ದರಂತೆ, ಮೊದಲೇ ಹೇಳಿದ್ದರೆ ಅಲ್ಲಿಯೇ ನಿಲ್ಲಿಸುತ್ತಿದ್ದೆ ಎಂದರು. ಹಿಮ ಎಷ್ಟಿದೆ ಎಂದು ಕೇಳಿದೆ.

"ಅಭೀ ತೋ ಘಾಸ್ ದಿಖ್ ರಹೀ ಹೈ ಸಾಬ್" ಎಂದರು. ಇನ್ನೂ ಹುಲ್ಲೇ ಕಾಣುತ್ತಿದೆಯಂತೆ. 2024ರ ಜನವರಿಯ ಬಹುಪಾಲು ಗುಲ್ಮಾರ್ಗ್ ಹೀಗೆಯೇ ಬೋಳಾಗಿ ಇದ್ದದ್ದು ನನಗೆ ನೆನಪಿತ್ತು, ಅವರಿಗೂ. ಇಬ್ಬರೂ ಅದರ ಮಾತೆತ್ತಲಿಲ್ಲ.

ಫೋನು ಇಟ್ಟಾಗ ಕೂಸು ತನ್ನ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. "ನಾಳೆ ಬೆಳಿಗ್ಗೆ ಅಘನಾಶಿನಿಯಲ್ಲಿ ಇಳಿತ ಶುರುವಾಗೋದು ಇವತ್ತಿಗಿಂತ ಮುಕ್ಕಾಲು ಗಂಟೆ ತಡ ಮಾವ. ಅಂಬಿಗಜ್ಜಂಗೆ ಫೋನ್ ಮಾಡು."

ನಾನು ನಂಬರು ಹುಡುಕಿದೆ.